ವಿದೇಶದ ಪೈಲಟ್ ಲೈಸೆನ್ಸು: ಊರಿಗೆ ಮುಟ್ಟುವ ಬೆಲೆಯ ಲೆಕ್ಕ

ಯಾವುದೇ ಸರಕಿನ ಬೆಲೆ ಖರೀದಿಯ ಚೀಟಿಯಲ್ಲಿ ಬರೆದಷ್ಟೇ ಆಗಿರುವುದಿಲ್ಲ ಎಂಬುದನ್ನು ವ್ಯಾಪಾರಸ್ಥರಿಗೆ ಹೊಸದಾಗಿ ಹೇಳಬೇಕಾದದ್ದಿಲ್ಲ. ಹಿರೇಕೆರೂರಿನ ಮೆಕ್ಕೆಜೋಳವಾಗಲಿ, ಹಾನಗಲ್ಲಿನ ಮಾವಾಗಲಿ, ಶಿಗ್ಗಾಂವಿಯ ಹತ್ತಿಯಾಗಲಿ, ಪೇಟೆಯ ದರದ ಮೇಲೆ ಹಮಾಲಿ, ತೂಕ, ದಲಾಲಿ, ಲಾರಿ ಬಾಡಿಗೆ, ದಾರಿಯ ಕೊರತೆ, ಉದ್ರಿಯ ಬಡ್ಡಿ ಇವೆಲ್ಲ ಕೂಡಿದ ನಂತರವೇ ಮಾಲು ಊರಿಗೆ ಮುಟ್ಟುವ ನಿಜವಾದ ಬೆಲೆ ತಿಳಿಯುತ್ತದೆ. ಈ ಲೆಕ್ಕವನ್ನು ನಿದ್ದೆಗಣ್ಣಿನಲ್ಲಿಯೂ ತಪ್ಪದೆ ಮಾಡಬಲ್ಲ ಮನೆತನಗಳೇ ಮಕ್ಕಳ ವಿದೇಶಿ ತರಬೇತಿಯ ಮಾತು ಬಂದಾಗ ಮಾತ್ರ ಶಾಲೆಯ ಪರಿಚಯ ಪುಸ್ತಿಕೆಯಲ್ಲಿ ಅಚ್ಚಾದ ಶುಲ್ಕವನ್ನೇ ಅಂತಿಮ ಬೆಲೆಯೆಂದು ನಂಬಿಬಿಡುತ್ತವೆ. ವಿಮಾನ ಚಾಲನೆಯ ತರಬೇತಿಯಲ್ಲಿ ಈ ನಂಬಿಕೆ ಅತಿ ದುಬಾರಿಯಾಗಿ ಪರಿಣಮಿಸುತ್ತದೆ. ಅಮೆರಿಕ, ಕೆನಡಾ, ದಕ್ಷಿಣ ಆಫ್ರಿಕಾ ಮುಂತಾದ ದೇಶಗಳಲ್ಲಿ ಪಡೆದ ಪೈಲಟ್ ಲೈಸೆನ್ಸನ್ನು ಭಾರತದಲ್ಲಿ ಪರಿವರ್ತಿಸಿಕೊಳ್ಳದೆ ಇಲ್ಲಿಯ ಯಾವ ವಿಮಾನ ಸಂಸ್ಥೆಯಲ್ಲಿಯೂ ಪೈಲಟ್ ಆಗಿ ಕೆಲಸಕ್ಕೆ ಸೇರಲಾಗದು. ಈ ಪರಿವರ್ತನೆಗೆ ತಗಲುವ ಹಣ ಮತ್ತು ಕಾಲವನ್ನು ತರಬೇತಿಯ ಬೆಲೆಯಲ್ಲಿ ಮೊದಲೇ ಸೇರಿಸಿ ನೋಡದ ಹೊರತು ಯಾವ ಮನೆತನವೂ ಹೊಲ, ಅಂಗಡಿ, ಗಿರಣಿಗಳನ್ನು ಅಡವಿಡಬಾರದು ಎಂಬುದೇ ಈ ಲೇಖನದ ಆಶಯ.

ಹತ್ತಿರ ಬಂದ ಆಕಾಶ

ಹಾವೇರಿ ಜಿಲ್ಲೆಯ ತಾಲೂಕುಗಳಿಗೆ ವಿಮಾನವೆಂಬುದು ಬಹುಕಾಲ ತಲೆಯ ಮೇಲೆ ಹಾದುಹೋಗುವ ಸದ್ದಾಗಿತ್ತೇ ಹೊರತು ಉದ್ಯೋಗದ ದಾರಿಯಾಗಿರಲಿಲ್ಲ. 2003ರ ಆಗಸ್ಟ್ ತಿಂಗಳಿನಲ್ಲಿ ಕ್ಯಾಪ್ಟನ್ ಜಿ. ಆರ್. ಗೋಪಿನಾಥ್ ಅವರ ಏರ್ ಡೆಕ್ಕನ್ ಸಂಸ್ಥೆಯು ತನ್ನ ಮೊದಲ ನಿಗದಿತ ಹಾರಾಟಕ್ಕೆ ಬೆಂಗಳೂರು-ಹುಬ್ಬಳ್ಳಿ ಮಾರ್ಗವನ್ನು ಆರಿಸಿಕೊಂಡಾಗ ಈ ಭಾಗದ ಮಧ್ಯಮ ವರ್ಗಕ್ಕೂ ಆಕಾಶ ಕೈಗೆಟುಕುವಂತಾಯಿತು. ಅದರ ಬೆನ್ನಿಗೇ 2005ರಲ್ಲಿ ಕಿಂಗ್‌ಫಿಷರ್, 2006ರಲ್ಲಿ ಇಂಡಿಗೋ ಹಾರಾಟ ಆರಂಭಿಸಿದವು. ಪೈಲಟ್‌ಗಳ ಬೇಡಿಕೆ ಏರಿತು. ಇಂಜಿನಿಯರಿಂಗ್, ವೈದ್ಯಕೀಯಗಳ ಸಾಲಿಗೆ ವಿಮಾನ ಚಾಲನೆಯೂ ಸೇರಿತು.

ಆದರೆ ಇದೇ ಕ್ಷೇತ್ರ ಕಂಡಷ್ಟು ಏರಿಳಿತವನ್ನು ಮೆಣಸಿನಕಾಯಿಯ ಪೇಟೆಯೂ ಕಂಡಿರಲಿಕ್ಕಿಲ್ಲ. 2012ರ ಅಕ್ಟೋಬರಿನಲ್ಲಿ ಕಿಂಗ್‌ಫಿಷರ್, 2019ರ ಏಪ್ರಿಲ್‌ನಲ್ಲಿ ಜೆಟ್ ಏರ್‌ವೇಸ್, 2023ರ ಮೇ ತಿಂಗಳಲ್ಲಿ ಗೋ ಫಸ್ಟ್ ಹಾರಾಟ ನಿಲ್ಲಿಸಿದವು. ಪ್ರತಿ ಬಾರಿಯೂ ನೂರಾರು ಅನುಭವಿ ಪೈಲಟ್‌ಗಳು ಒಮ್ಮೆಲೇ ಉದ್ಯೋಗದ ಸಾಲಿಗೆ ಬಂದು ನಿಂತರು. ಅವರ ಹಿಂದೆ, ಇನ್ನೂರು ಗಂಟೆಗಳ ಹಾರಾಟವಷ್ಟೇ ಇರುವ ಹೊಸಬರು ಕಾಯಬೇಕಾಯಿತು. ಬೇಡಿಕೆ ಇದೆ ಎಂಬುದು ನಿಜವಾದರೂ, ಲೈಸೆನ್ಸು ಕೈಗೆ ಬಂದ ದಿನವೇ ಬೇಡಿಕೆ ಇರುತ್ತದೆ ಎಂಬ ಖಾತರಿ ಯಾರೂ ಕೊಡಲಾರರು.

ಲೈಸೆನ್ಸು ಸ್ವತ್ತಲ್ಲ, ಅನುಮತಿ

ಒಂದು ದೇಶ ಕೊಟ್ಟ ಲೈಸೆನ್ಸನ್ನು ಇನ್ನೊಂದು ದೇಶ ಏಕೆ ಒಪ್ಪುವುದಿಲ್ಲ ಎಂಬ ಪ್ರಶ್ನೆ ಸಹಜವಾದದ್ದು. ವಿಮಾನಗಳು ದೇಶದಿಂದ ದೇಶಕ್ಕೆ ಹಾರುತ್ತಿರುವಾಗ ಚಾಲಕನ ಲೈಸೆನ್ಸು ಗಡಿಯಲ್ಲಿ ನಿಲ್ಲುವುದೇಕೆ? ಇದರ ಉತ್ತರ 1944ರ ಡಿಸೆಂಬರ್ 7ರಂದು ಅಮೆರಿಕದ ಶಿಕಾಗೋ ನಗರದಲ್ಲಿ ಸಹಿಯಾದ ಅಂತರರಾಷ್ಟ್ರೀಯ ನಾಗರಿಕ ವಿಮಾನಯಾನ ಒಪ್ಪಂದದಲ್ಲಿದೆ. ಅದರ 32ನೆಯ ಅನುಚ್ಛೇದದ ಪ್ರಕಾರ, ಅಂತರರಾಷ್ಟ್ರೀಯ ಹಾರಾಟದಲ್ಲಿ ತೊಡಗಿದ ವಿಮಾನದ ಚಾಲಕನ ಬಳಿ ಆ ವಿಮಾನ ಯಾವ ದೇಶದಲ್ಲಿ ನೋಂದಣಿಯಾಗಿದೆಯೋ ಆ ದೇಶ ಕೊಟ್ಟ ಅಥವಾ ಆ ದೇಶ ಮಾನ್ಯ ಮಾಡಿದ ಲೈಸೆನ್ಸು ಇರಬೇಕು. ಅಂದರೆ ಲೈಸೆನ್ಸನ್ನು ನಿರ್ಧರಿಸುವುದು ಹಾರುವ ಆಕಾಶವಲ್ಲ, ವಿಮಾನದ ನೋಂದಣಿ. ಭಾರತದಲ್ಲಿ ನೋಂದಣಿಯಾದ, ‘ವಿಟಿ’ ಗುರುತು ಹೊತ್ತ ವಿಮಾನವನ್ನು ನಡೆಸಲು ಭಾರತದ ಲೈಸೆನ್ಸು ಬೇಕು. ಹಾಗಿದ್ದವರು ಅದೇ ವಿಮಾನವನ್ನು ನ್ಯೂಯಾರ್ಕಿಗೂ ಒಯ್ಯಬಹುದು. ಆದರೆ ಅಮೆರಿಕದ ಲೈಸೆನ್ಸನ್ನಷ್ಟೇ ಹೊಂದಿದವರು ಹುಬ್ಬಳ್ಳಿಯಿಂದ ಬೆಂಗಳೂರಿಗೂ ಆ ವಿಮಾನವನ್ನು ಒಯ್ಯುವಂತಿಲ್ಲ.

ಅದೇ ಅನುಚ್ಛೇದದ ಎರಡನೆಯ ಭಾಗವನ್ನಂತೂ ಪ್ರತಿಯೊಬ್ಬ ಪಾಲಕರೂ ಅರಿತಿರಬೇಕು. ಒಂದು ದೇಶದ ಪ್ರಜೆ ಬೇರೊಂದು ದೇಶದಿಂದ ಪಡೆದು ತಂದ ಲೈಸೆನ್ಸನ್ನು, ತನ್ನ ನೆಲದ ಮೇಲಿನ ಹಾರಾಟಕ್ಕೆ ಒಪ್ಪದೇ ಇರುವ ಹಕ್ಕನ್ನು ಪ್ರತಿಯೊಂದು ದೇಶವೂ ಉಳಿಸಿಕೊಂಡಿದೆ. ಹೀಗಿರುವಾಗ ‘ಅಂತರರಾಷ್ಟ್ರೀಯ ಮಾನ್ಯತೆಯ ಲೈಸೆನ್ಸು’ ಎಂದು ಜಾಹೀರಾತು ಮಾಡುವವರ ಮಾತನ್ನು ಅಕ್ಷರಶಃ ನಂಬುವಂತಿಲ್ಲ. ಅಂತರರಾಷ್ಟ್ರೀಯ ನಾಗರಿಕ ವಿಮಾನಯಾನ ಸಂಘಟನೆಯು ಲೈಸೆನ್ಸಿಗೆ ಇರಬೇಕಾದ ಕನಿಷ್ಠ ಮಟ್ಟವನ್ನು ಗೊತ್ತುಪಡಿಸುತ್ತದೆ. ಲೈಸೆನ್ಸು ಕೊಡುವುದು ಆಯಾ ದೇಶವೇ.

ಈ ವ್ಯವಸ್ಥೆ ವ್ಯಾಪಾರಸ್ಥರಿಗೆ ಅಪರಿಚಿತವೇನಲ್ಲ. ಒಂದು ಪೇಟೆಯಲ್ಲಿ ದರ್ಜೆ ಕಟ್ಟಿದ ಮೆಣಸಿನಕಾಯಿಯ ಚೀಲವನ್ನು ಇನ್ನೊಂದು ಊರಿನ ಖರೀದಿದಾರ ಮತ್ತೆ ಬಿಚ್ಚಿಸಿ ನೋಡುತ್ತಾನೆ. ರಫ್ತಾಗುವ ಮಸಾಲೆಯನ್ನು ಆಮದು ಮಾಡಿಕೊಳ್ಳುವ ದೇಶ ತನ್ನದೇ ಮಾನದಂಡದಂತೆ ಪರೀಕ್ಷಿಸುತ್ತದೆ. ಮಾಲು ಕೆಟ್ಟದ್ದೆಂಬ ಆಪಾದನೆ ಅಲ್ಲಿಲ್ಲ. ಕೊನೆಗೆ ಉತ್ತರ ಹೇಳಬೇಕಾದವರು ತಾವೇ ನೋಡಿಕೊಳ್ಳಬೇಕೆಂಬ ಎಚ್ಚರ ಮಾತ್ರ ಇದೆ. ನೂರಾರು ಪ್ರಯಾಣಿಕರ ಪ್ರಾಣದ ಹೊಣೆ ಹೊತ್ತವರ ವಿಷಯದಲ್ಲಿ ಈ ಎಚ್ಚರ ಇನ್ನೂ ಅಗತ್ಯ. 2011ರಲ್ಲಿ ನಕಲಿ ಅಂಕಪಟ್ಟಿಗಳನ್ನು ಸಲ್ಲಿಸಿ ಮೇಲ್ದರ್ಜೆಯ ಪೈಲಟ್ ಲೈಸೆನ್ಸು ಪಡೆದ ಪ್ರಕರಣಗಳು ದೇಶದಲ್ಲಿಯೇ ಬೆಳಕಿಗೆ ಬಂದು ಬಂಧನಗಳಾದವು. ಅಂದಮೇಲೆ ಹೊರಗಿನ ದಾಖಲೆಗಳನ್ನು ಒರೆಗೆ ಹಚ್ಚುವುದು ಸರಕಾರದ ಕಿರುಕುಳವೆಂದು ದೂರುವುದು ನ್ಯಾಯವಲ್ಲ.

ಪರಿವರ್ತನೆಯಲ್ಲಿ ಏನೇನಿದೆ

ಭಾರತದಲ್ಲಿ ವಾಣಿಜ್ಯ ಪೈಲಟ್ ಲೈಸೆನ್ಸು ನೀಡುವ ಅಧಿಕಾರ ನಾಗರಿಕ ವಿಮಾನಯಾನ ಮಹಾನಿರ್ದೇಶನಾಲಯದ್ದು, ಅಂದರೆ ಡಿಜಿಸಿಎಯದ್ದು. 1937ರ ವಿಮಾನ ನಿಯಮಗಳು ರೂಪಿಸಿದ ಚೌಕಟ್ಟಿನಲ್ಲಿ ಅಭ್ಯರ್ಥಿಗೆ 18 ವರ್ಷ ತುಂಬಿರಬೇಕು, ಭೌತಶಾಸ್ತ್ರ ಮತ್ತು ಗಣಿತಗಳೊಂದಿಗೆ ಹನ್ನೆರಡನೆಯ ತರಗತಿ ತೇರ್ಗಡೆಯಾಗಿರಬೇಕು, ಮೊದಲ ದರ್ಜೆಯ ವೈದ್ಯಕೀಯ ಪ್ರಮಾಣಪತ್ರ ಇರಬೇಕು. ಹಾರಾಟದ ಅನುಭವ ಒಟ್ಟು 200 ಗಂಟೆಗಳಿಗೆ ಕಡಿಮೆಯಿರಬಾರದು. ಅದರಲ್ಲಿ 100 ಗಂಟೆ ಸ್ವತಃ ವಿಮಾನದ ಹೊಣೆ ಹೊತ್ತು ಹಾರಿದ್ದಾಗಿರಬೇಕು. ದೂರದ ಊರುಗಳ ನಡುವಿನ ಹಾರಾಟ 20 ಗಂಟೆ ಇರಬೇಕು. ಅದರಲ್ಲಿ ಒಂದು ಪಯಣ 300 ನಾಟಿಕಲ್ ಮೈಲಿಗಿಂತ ಕಡಿಮೆಯಿಲ್ಲದೆ, ನಡುವೆ ಎರಡು ಬೇರೆ ಬೇರೆ ನಿಲ್ದಾಣಗಳಲ್ಲಿ ಇಳಿದಿರಬೇಕು. ಉಪಕರಣಗಳ ಆಧಾರದಿಂದಲೇ ನಡೆಸಿದ ಹಾರಾಟ 10 ಗಂಟೆ, ರಾತ್ರಿಯ ಹಾರಾಟ 5 ಗಂಟೆ, ಅದರಲ್ಲಿ 10 ಸಲ ಏರಿ 10 ಸಲ ಇಳಿದಿರಬೇಕು.

ವಿದೇಶದಿಂದ ಲೈಸೆನ್ಸು ತಂದವರಿಗೆ ಬರಹದ ಪರೀಕ್ಷೆಯಲ್ಲಿ ಸ್ವಲ್ಪ ರಿಯಾಯಿತಿ ಇದೆ. ಆದರೂ ಭಾರತದ ವಿಮಾನಯಾನ ನಿಯಮಗಳ ಪತ್ರಿಕೆ, ವಾಯುಮಾರ್ಗ ನಿರ್ಣಯ ಹಾಗೂ ಹವಾಮಾನ ವಿಷಯಗಳ ಕೂಡು ಪತ್ರಿಕೆ ಇವುಗಳಲ್ಲಿ ತೇರ್ಗಡೆಯಾಗಲೇಬೇಕು. ತೇರ್ಗಡೆಗೆ ಶೇಕಡಾ 70 ಅಂಕಗಳು ಬೇಕು. ಇದಲ್ಲದೆ ರೇಡಿಯೋ ದೂರವಾಣಿಯ ಪ್ರಮಾಣಪತ್ರ ಬೇಕು. ಬಹುಕಾಲ ಈ ಪರೀಕ್ಷೆ ದೂರಸಂಪರ್ಕ ಇಲಾಖೆಯ ಕೈಯಲ್ಲಿದ್ದು, ಒಂದೇ ಕೆಲಸಕ್ಕೆ ಎರಡು ಇಲಾಖೆಗಳ ಬಾಗಿಲು ತಟ್ಟಬೇಕಾಗಿತ್ತು. 2025ರ ಜನವರಿ 1ರಂದು ಜಾರಿಗೆ ಬಂದ 2024ರ ಭಾರತೀಯ ವಾಯುಯಾನ ಅಧಿನಿಯಮವು ಈ ಅಧಿಕಾರವನ್ನು ವಿಮಾನಯಾನ ವ್ಯವಸ್ಥೆಯ ಒಳಗೆ ತರಲು ಅವಕಾಶ ಮಾಡಿತು. ಇದು ಸ್ವಾಗತಾರ್ಹ ಸುಧಾರಣೆ.

ಎಡವುವುದು ಹೆಚ್ಚಾಗಿ ಹಾರಾಟದ ದಿನಚರಿ ಪುಸ್ತಕದಲ್ಲಿ. ಅಮೆರಿಕದ ನಿಯಮಗಳ ಪ್ರಕಾರ, ಖಾಸಗಿ ಲೈಸೆನ್ಸು ಪಡೆದ ವಿದ್ಯಾರ್ಥಿ ಬೋಧಕನನ್ನು ಪಕ್ಕದಲ್ಲಿ ಕೂರಿಸಿಕೊಂಡು ತಾನೇ ವಿಮಾನ ನಡೆಸಿದ ಅವಧಿಯನ್ನು ‘ಹೊಣೆ ಹೊತ್ತ’ ಗಂಟೆಗಳೆಂದು ಬರೆದುಕೊಳ್ಳಲು ಅವಕಾಶವಿದೆ. ಭಾರತದಲ್ಲಿ ಬೋಧಕನ ಜೊತೆ ಹಾರಿದ ಗಂಟೆ ಬೋಧನೆಯ ಗಂಟೆಯೇ. ಹೀಗಾಗಿ ಅಲ್ಲಿಯ ಪುಸ್ತಕದಲ್ಲಿ ನೂರು ದಾಟಿದ ಸಂಖ್ಯೆ ಇಲ್ಲಿ ಎಣಿಸಿದಾಗ ನೂರಕ್ಕೆ ಸಾಲದೆ ಬರಬಹುದು. ಸ್ಟಾಕ್ ಪುಸ್ತಕದಲ್ಲಿ ಇರುವ ಚೀಲಗಳು ಗೋದಾಮಿನಲ್ಲಿ ಇಲ್ಲದಂತಾಗುವ ಸ್ಥಿತಿ ಇದು. ಕೊರತೆಯ ಗಂಟೆಗಳನ್ನು ಮತ್ತೆ ಹಣ ಕೊಟ್ಟು ಹಾರಬೇಕು. ವಿದೇಶಕ್ಕೆ ಹೊರಡುವ ಮೊದಲೇ ಭಾರತದ ಷರತ್ತುಗಳ ಪಟ್ಟಿಯನ್ನು ಶಾಲೆಯ ಮುಂದಿಟ್ಟು, ಪ್ರತಿಯೊಂದು ಗಂಟೆಯನ್ನೂ ಅದರಂತೆಯೇ ಪೂರೈಸಿ ದೃಢೀಕರಿಸಿ ಕೊಡುವುದಾಗಿ ಬರಹದಲ್ಲಿ ಒಪ್ಪಿಗೆ ಪಡೆದರೆ ಈ ನಷ್ಟ ತಪ್ಪುತ್ತದೆ.

ವೀಳ್ಯದೆಲೆಯಂಥ ಅರ್ಹತೆ

ಮೆಕ್ಕೆಜೋಳವನ್ನು ಒಣಗಿಸಿ ಗೋದಾಮಿನಲ್ಲಿಟ್ಟು ದರ ಬರುವವರೆಗೆ ಕಾಯಬಹುದು. ಸವಣೂರಿನ ವೀಳ್ಯದೆಲೆಗೆ ಆ ಭಾಗ್ಯವಿಲ್ಲ. ಕೊಯ್ದ ಎಲೆ ಪೇಟೆಗೆ ಹೊತ್ತಿಗೆ ಸರಿಯಾಗಿ ಸೇರದಿದ್ದರೆ ಅದರ ಬೆಲೆ ತಾಸಿನಿಂದ ತಾಸಿಗೆ ಇಳಿಯುತ್ತದೆ. ಪದವಿ ಪ್ರಮಾಣಪತ್ರ ಮೆಕ್ಕೆಜೋಳದಂತೆ, ಪೈಲಟ್‌ನ ಅರ್ಹತೆ ವೀಳ್ಯದೆಲೆಯಂತೆ. ಬಿ.ಕಾಂ. ಪಾಸಾದವರು ಹತ್ತು ವರ್ಷಗಳ ನಂತರವೂ ಬಿ.ಕಾಂ. ಪದವೀಧರರೇ. ಆದರೆ ಪೈಲಟ್ ಲೈಸೆನ್ಸಿಗೆ ಅರ್ಜಿ ಹಾಕುವ ದಿನದ ಹಿಂದಿನ ಆರು ತಿಂಗಳಲ್ಲಿ ಕನಿಷ್ಠ 15 ಗಂಟೆ ಸ್ವತಃ ಹೊಣೆ ಹೊತ್ತು ಹಾರಿರಬೇಕೆಂಬ ಷರತ್ತು ಇದೆ. ವೈದ್ಯಕೀಯ ಪ್ರಮಾಣಪತ್ರಕ್ಕೂ ಅವಧಿ ಇದೆ.

ವಿದೇಶದಿಂದ ಮರಳಿದ ಅಭ್ಯರ್ಥಿ ಒಂದು ಪರೀಕ್ಷೆಯಲ್ಲಿ ಅನುತ್ತೀರ್ಣನಾದರೆ, ಅಥವಾ ಅಲ್ಲಿಯ ಪ್ರಾಧಿಕಾರದಿಂದ ದೃಢೀಕರಣ ಪತ್ರ ಬರುವುದು ತಡವಾದರೆ, ಆರು ತಿಂಗಳು ನೋಡುನೋಡುತ್ತಲೇ ಕಳೆದುಹೋಗುತ್ತವೆ. ಆಗ ಹಳೆಯ ಗಂಟೆಗಳ ಜೊತೆಗೆ ಹೊಸ ಗಂಟೆಗಳನ್ನೂ ಕೊಳ್ಳಬೇಕು. ಪರಿವರ್ತನೆ ಮುಗಿದ ಮೇಲೂ ಕೆಲಸಕ್ಕೆ ಸೇರಲು ಏರ್‌ಬಸ್, ಎಟಿಆರ್ ಮುಂತಾದ ನಿರ್ದಿಷ್ಟ ವಿಮಾನದ ತರಬೇತಿ ಬೇಕಾಗುತ್ತದೆ. ಅದರ ವೆಚ್ಚ ಬೇರೆ. ಶಾಲೆಯ ಶುಲ್ಕ ಕಟ್ಟುವಾಗ ಇವು ಯಾವುವೂ ಕಣ್ಣಿಗೆ ಬೀಳುವುದಿಲ್ಲ.

ಕಾಯುವ ತಿಂಗಳುಗಳ ಬಡ್ಡಿ

ಈಗ ಅಂಕಿಗಳ ಮಾತಿಗೆ ಬರಬಹುದು. ಲೆಕ್ಕದ ಅನುಕೂಲಕ್ಕಾಗಿ ಒಂದು ಮನೆತನ ಶೇಕಡಾ 10ರ ಬಡ್ಡಿಯಲ್ಲಿ 60 ಲಕ್ಷ ರೂಪಾಯಿ ಸಾಲ ಎತ್ತಿದೆ ಎಂದು ಊಹಿಸೋಣ. ವರ್ಷಕ್ಕೆ ಬಡ್ಡಿ 6 ಲಕ್ಷ, ತಿಂಗಳಿಗೆ 50,000 ರೂಪಾಯಿ. ತರಬೇತಿ ಮುಗಿದು ಪರಿವರ್ತನೆಗೆ ಆರು ತಿಂಗಳು ತಗಲಿದರೆ 3 ಲಕ್ಷ, ಹದಿನೆಂಟು ತಿಂಗಳು ತಗಲಿದರೆ 9 ಲಕ್ಷ ರೂಪಾಯಿ ಬಡ್ಡಿಯೊಂದೇ ಆಗುತ್ತದೆ. ಮರುಹಾರಾಟ, ಪರೀಕ್ಷಾ ಶುಲ್ಕ, ದೆಹಲಿ-ಬೆಂಗಳೂರುಗಳ ಓಡಾಟ, ವಸತಿ ಇವು ಇದರ ಹೊರಗೆ.

ಬ್ಯಾಂಕುಗಳ ಸಂಘ ರೂಪಿಸಿದ ಶಿಕ್ಷಣ ಸಾಲದ ಮಾದರಿ ಯೋಜನೆಯಲ್ಲಿ ಕೋರ್ಸಿನ ಅವಧಿ ಮತ್ತು ಅದರ ಮೇಲೆ ಒಂದು ವರ್ಷ ಕಂತಿನಿಂದ ವಿನಾಯಿತಿ ಇದೆ. ಕೋರ್ಸು ಮುಗಿಯಿತೆಂದು ಬ್ಯಾಂಕು ಎಣಿಸುವುದು ವಿದೇಶದ ಶಾಲೆಯ ತರಬೇತಿ ಮುಗಿದ ದಿನವನ್ನು. ಭಾರತದ ಲೈಸೆನ್ಸು ಕೈಸೇರಿದ ದಿನವನ್ನಲ್ಲ. ಪರಿವರ್ತನೆ ಒಂದು ವರ್ಷ ಮೀರಿದರೆ ಸಂಬಳ ಬರುವ ಮೊದಲೇ ಕಂತು ಆರಂಭವಾಗುತ್ತದೆ. ಆಗ ಅದನ್ನು ಕಟ್ಟುವುದು ಮಗನಲ್ಲ, ತಂದೆಯ ಅಂಗಡಿ.

ಅಂಗಡಿಯಿಂದ ಕಟ್ಟುವುದೆಂದರೆ ಬಹುಮಟ್ಟಿಗೆ ಕ್ಯಾಶ್ ಕ್ರೆಡಿಟ್ ಖಾತೆಯಿಂದ ಕಟ್ಟುವುದು. ಹತ್ತಿ, ಮೆಕ್ಕೆಜೋಳಗಳ ಸುಗ್ಗಿಯಲ್ಲಿ ಮಾಲು ಹಿಡಿಯಲು ಇರಬೇಕಾದ ದುಡಿಮೆಯ ಬಂಡವಾಳ ಮನೆಯ ಖರ್ಚಿಗೆ ಹರಿದರೆ ಎರಡು ಪೆಟ್ಟು ಬೀಳುತ್ತವೆ. ವ್ಯಾಪಾರ ಕುಗ್ಗುತ್ತದೆ. ಜೊತೆಗೆ ವ್ಯವಹಾರಕ್ಕೆ ಬಳಸದ ಸಾಲದ ಬಡ್ಡಿಯನ್ನು ತೆರಿಗೆ ಅಧಿಕಾರಿ ವ್ಯವಹಾರದ ಖರ್ಚೆಂದು ಒಪ್ಪುವುದಿಲ್ಲ.

ತೆರಿಗೆಯಲ್ಲಿ ತಪ್ಪುವ ಲೆಕ್ಕಗಳು

ಶಿಕ್ಷಣ ಸಾಲದ ಬಡ್ಡಿಗೆ ತೆರಿಗೆ ರಿಯಾಯಿತಿ ಇದೆಯಲ್ಲ ಎಂಬ ಸಮಾಧಾನ ಅನೇಕರಿಗಿದೆ. 1961ರ ಆದಾಯ ತೆರಿಗೆ ಕಾಯ್ದೆಯ 80ಇ ಕಲಮಿನಿಂದ ಪರಿಚಿತವಾದ ಈ ರಿಯಾಯಿತಿಯ ಮಿತಿಗಳನ್ನು ಬಿಡಿಸಿ ನೋಡಬೇಕು. ಅದು ಬಡ್ಡಿಗೆ ಮಾತ್ರ, ಅಸಲಿಗಿಲ್ಲ. ಬಡ್ಡಿ ಕಟ್ಟಲು ಆರಂಭಿಸಿದ ವರ್ಷದಿಂದ ಎಂಟು ವರ್ಷಗಳವರೆಗೆ ಮಾತ್ರ. ಹಳೆಯ ತೆರಿಗೆ ಪದ್ಧತಿಯಲ್ಲಿ ಉಳಿದವರಿಗೆ ಮಾತ್ರ. ಸಾಲವು ವ್ಯಕ್ತಿಯ ಹೆಸರಿನಲ್ಲಿರಬೇಕು. ಪಾಲುದಾರಿಕೆ ಸಂಸ್ಥೆಯ ಅಥವಾ ಅವಿಭಕ್ತ ಕುಟುಂಬದ ಹೆಸರಿನಲ್ಲಿ ಎತ್ತಿದ ಸಾಲಕ್ಕೆ ಅದು ದೊರೆಯದು. ತನ್ನ, ಪತಿ ಅಥವಾ ಪತ್ನಿಯ, ಮಕ್ಕಳ, ಇಲ್ಲವೆ ತಾನು ಕಾನೂನುಬದ್ಧ ಪಾಲಕನಾಗಿರುವ ವಿದ್ಯಾರ್ಥಿಯ ಓದಿಗೆ ಮಾತ್ರ ಅದು ಅನ್ವಯ. ಕೂಡು ಕುಟುಂಬದಲ್ಲಿ ದೊಡ್ಡಪ್ಪ ತಮ್ಮನ ಮಗನಿಗಾಗಿ ಸಾಲ ಎತ್ತಿದರೆ ಆ ಪ್ರೀತಿಗೆ ತೆರಿಗೆ ಕಾನೂನಿನಲ್ಲಿ ಸ್ಥಾನವಿಲ್ಲ. ಪತ್ತಿನ ಸಹಕಾರ ಸಂಘ, ಖಾಸಗಿ ಫೈನಾನ್ಸ್, ಬೀಗರ ಕೈಗಡ ಇವುಗಳ ಬಡ್ಡಿಯೂ ಲೆಕ್ಕಕ್ಕೆ ಬಾರದು.

ಹಣ ವಿದೇಶಕ್ಕೆ ಕಳುಹಿಸುವಾಗ ಮೂಲದಲ್ಲಿಯೇ ಸಂಗ್ರಹಿಸುವ ತೆರಿಗೆ ಇನ್ನೊಂದು ಅಂಶ. 2025ರ ಏಪ್ರಿಲ್ 1ರಿಂದ ಇದರ ಮಿತಿಯನ್ನು 7 ಲಕ್ಷದಿಂದ 10 ಲಕ್ಷಕ್ಕೆ ಏರಿಸಲಾಯಿತು. ನಿಗದಿತ ಹಣಕಾಸು ಸಂಸ್ಥೆಯಿಂದ ಪಡೆದ ಶಿಕ್ಷಣ ಸಾಲದ ಹಣಕ್ಕೆ ಈ ಸಂಗ್ರಹವನ್ನೇ ತೆಗೆದುಹಾಕಲಾಯಿತು. ಆದರೆ ಸ್ವಂತ ಹಣದಿಂದ 2025-26ನೆಯ ಸಾಲಿನಲ್ಲಿ 60 ಲಕ್ಷ ಕಳುಹಿಸಿದವರಿಗೆ 10 ಲಕ್ಷ ಕಳೆದು ಉಳಿದ 50 ಲಕ್ಷದ ಮೇಲೆ ಶೇಕಡಾ 5ರಂತೆ 2.5 ಲಕ್ಷ ರೂಪಾಯಿ ಮುಂಗಡವಾಗಿ ಹೋಗುತ್ತಿತ್ತು. ರಿಟರ್ನ್ ಸಲ್ಲಿಸಿದಾಗ ಅದು ತೆರಿಗೆಗೆ ಜಮೆಯಾಗುತ್ತದೆ ಅಥವಾ ಮರಳಿ ಬರುತ್ತದೆ. ಅಲ್ಲಿಯವರೆಗೆ ಆ ಹಣ ವ್ಯಾಪಾರಕ್ಕೆ ಒದಗದು. ಇಂಥ ದರ-ಮಿತಿಗಳು ಬಜೆಟ್ಟಿನಿಂದ ಬಜೆಟ್ಟಿಗೆ ಬದಲಾಗುವುದರಿಂದ ಹಣ ಕಳುಹಿಸುವ ದಿನದ ದರವನ್ನು ಬ್ಯಾಂಕಿನಲ್ಲಿ ಕೇಳಿಯೇ ಮುಂದುವರಿಯಬೇಕು.

ಒಳಗಿನ ದಾರಿ, ಹೊರಗಿನ ದಾರಿ

ಹಾಗಾದರೆ ಭಾರತದಲ್ಲಿಯೇ ತರಬೇತಿ ಪಡೆಯುವುದು ಲೇಸೆ? ಮೊದಲ ನೋಟಕ್ಕೆ ಹೌದು. ಇಲ್ಲಿ ಪಡೆದ ಲೈಸೆನ್ಸಿಗೆ ಪರಿವರ್ತನೆಯ ಗೊಡವೆಯಿಲ್ಲ. ಕರ್ನಾಟಕದ ಮಟ್ಟಿಗೆ ಬೆಂಗಳೂರಿನ ಜಕ್ಕೂರಿನಲ್ಲಿ ಸರಕಾರಿ ವೈಮಾನಿಕ ತರಬೇತಿ ಶಾಲೆ 1949ರಷ್ಟು ಹಿಂದೆಯೇ ಆರಂಭವಾಯಿತು. 2021ರಲ್ಲಿ ವಿಮಾನ ನಿಲ್ದಾಣ ಪ್ರಾಧಿಕಾರವು ದೇಶದ ಐದು ನಿಲ್ದಾಣಗಳಲ್ಲಿ ಹೊಸ ತರಬೇತಿ ಸಂಸ್ಥೆಗಳಿಗೆ ಜಾಗ ಕೊಟ್ಟಾಗ ಅದರಲ್ಲಿ ಬೆಳಗಾವಿ, ಕಲಬುರಗಿ ಎರಡೂ ಸೇರಿದ್ದವು. 2024ರ ಸೆಪ್ಟೆಂಬರಿನಲ್ಲಿ ಜಿಎಸ್‌ಟಿ ಮಂಡಳಿಯು, ಡಿಜಿಸಿಎ ಮಾನ್ಯತೆಯ ಸಂಸ್ಥೆಗಳು ನಡೆಸುವ ಅನುಮೋದಿತ ಹಾರಾಟ ತರಬೇತಿಗೆ ಜಿಎಸ್‌ಟಿ ಇಲ್ಲವೆಂದು ಸ್ಪಷ್ಟಪಡಿಸಿತು. ಲಕ್ಷಗಟ್ಟಲೆ ಶುಲ್ಕದ ಮೇಲೆ ಇದು ಸಣ್ಣ ಉಳಿತಾಯವಲ್ಲ.

ಆದರೂ ನಾಣ್ಯದ ಇನ್ನೊಂದು ಮುಖವನ್ನು ಮುಚ್ಚಿಡುವಂತಿಲ್ಲ. 2025ರ ಅಕ್ಟೋಬರಿನಲ್ಲಿ ಡಿಜಿಸಿಎ ಮೊದಲ ಬಾರಿಗೆ ದೇಶದ ತರಬೇತಿ ಸಂಸ್ಥೆಗಳಿಗೆ ದರ್ಜೆ ನೀಡಿದಾಗ ಮೇಲಿನ ಎರಡು ದರ್ಜೆಗಳಿಗೆ ಒಂದು ಸಂಸ್ಥೆಯೂ ಏರಲಿಲ್ಲ. ವಿಮಾನಗಳ ಕೊರತೆ, ಬೋಧಕರ ಕೊರತೆ, ಮಳೆಗಾಲದ ಅಡಚಣೆಗಳಿಂದ ಇಲ್ಲಿಯ ತರಬೇತಿ ಎಳೆದಾಡಿದರೆ ಅದಕ್ಕೂ ಬಡ್ಡಿ ಓಡುತ್ತಲೇ ಇರುತ್ತದೆ. ವಿದೇಶದಲ್ಲಿ ಹಾರಾಟದ ದಿನಗಳು ಹೆಚ್ಚು, ವಿಮಾನಗಳು ಹೆಚ್ಚು ಎಂಬ ಕಾರಣಕ್ಕೆ ಹೋಗುವವರನ್ನು ತಪ್ಪೆನ್ನಲಾಗದು. ಎರಡೂ ದಾರಿಗಳ ಪೂರ್ಣ ಬೆಲೆಯನ್ನು ಅಕ್ಕಪಕ್ಕ ಬರೆದು, ಎರಡರ ಕೊನೆಯ ಸಾಲಿನಲ್ಲಿಯೂ ‘ಭಾರತದ ಲೈಸೆನ್ಸು ಕೈಸೇರುವ ದಿನ’ ಎಂದೇ ಬರೆದು ಹೋಲಿಸುವುದು ಸರಿಯಾದ ಕ್ರಮ. ಹಾಗೆ ಹೋಲಿಸಿದ ಮೇಲೂ ವಿದೇಶವೇ ಲಾಭಕರವೆಂದು ಕಂಡರೆ ಧೈರ್ಯವಾಗಿ ಕಳುಹಿಸಬಹುದು.

ಇಲ್ಲಿಯ ಲೈಸೆನ್ಸನ್ನು ಹೊರಗೆ ಒಯ್ಯುವಾಗಲೂ ನ್ಯಾಯ ಒಂದೇ. ಯುರೋಪಿನಲ್ಲಿ ವಿಮಾನ ಸಂಸ್ಥೆಗಳ ಕೆಲಸಕ್ಕೆ ಬೇಕಾದ ಬರಹದ ಪರೀಕ್ಷೆಗಳು 13 ವಿಷಯಗಳಲ್ಲಿವೆ. ಅಮೆರಿಕದಲ್ಲಿ 2009ರ ಕೋಲ್ಗನ್ ಏರ್ ದುರಂತದ ನಂತರ, 2013ರಿಂದ, ವಿಮಾನ ಸಂಸ್ಥೆಯ ಸಹಚಾಲಕನಿಗೂ ಮೇಲ್ದರ್ಜೆಯ ಲೈಸೆನ್ಸು ಕಡ್ಡಾಯವಾಯಿತು. ಅದಕ್ಕೆ ಸಾಮಾನ್ಯವಾಗಿ 1,500 ಗಂಟೆ ಬೇಕು. ಇನ್ನೂರೈವತ್ತು ಗಂಟೆಯ ಹೊಸಬ ಅಲ್ಲಿಯೇ ತರಬೇತಿ ಪಡೆದಿದ್ದರೂ ಅಲ್ಲಿಯ ವಿಮಾನ ಸಂಸ್ಥೆಗೆ ಸೇರಲಾರ. ಕೆಲಸ ಮಾಡುವ ವೀಸಾ ಬೇರೆಯದೇ ಪ್ರಶ್ನೆ. ಬ್ರಿಟನ್ ಯುರೋಪಿನ ವಿಮಾನಯಾನ ವ್ಯವಸ್ಥೆಯಿಂದ 2020ರ ಡಿಸೆಂಬರ್ 31ರಂದು ಹೊರಬಂದಾಗ, ಅಲ್ಲಿಯವರೆಗೆ ಒಂದೇ ಆಗಿದ್ದ ಲೈಸೆನ್ಸು ಒಂದೇ ರಾತ್ರಿಯಲ್ಲಿ ಎರಡಾಯಿತು. ಎರಡೂ ಕಡೆ ಹಾರಬೇಕೆಂದವರು ಎರಡನ್ನೂ ಹೊಂದಬೇಕಾಯಿತು. ಮೊದಲು ಒಂದು ದೇಶದಲ್ಲಿ ನೆಲೆಯೂರಿ ಸಾವಿರಾರು ಗಂಟೆಗಳ ಅನುಭವ ಗಳಿಸಿ ಆಮೇಲೆ ಪರಿವರ್ತಿಸಿಕೊಳ್ಳುವವರಿಗೆ ಅದು ಏಣಿಯಾಗುತ್ತದೆ. ಬರಿಗೈಯಲ್ಲಿ ಹೊರಟವರಿಗೆ ಅದೇ ಗೋಡೆಯಾಗುತ್ತದೆ.

ಮಾಡಬೇಕಾದದ್ದು

ಹೊರದೇಶದ ಓದಿನ ಅಪಾಯವನ್ನು ಹಾವೇರಿ ಜಿಲ್ಲೆ ಅತ್ಯಂತ ನೋವಿನ ರೀತಿಯಲ್ಲಿ ಕಂಡಿದೆ. 2022ರ ಮಾರ್ಚ್ 1ರಂದು ರಾಣೆಬೆನ್ನೂರು ತಾಲೂಕಿನ ಚಳಗೇರಿಯ ವೈದ್ಯಕೀಯ ವಿದ್ಯಾರ್ಥಿ ಉಕ್ರೇನಿನ ಖಾರ್ಕಿವ್ ನಗರದಲ್ಲಿ ಯುದ್ಧಕ್ಕೆ ಬಲಿಯಾದಾಗ, ಇಷ್ಟು ದೂರಕ್ಕೆ ಮಕ್ಕಳು ಏಕೆ ಹೋಗಬೇಕಾಗುತ್ತದೆ ಎಂಬ ಪ್ರಶ್ನೆ ದೇಶವೆಲ್ಲ ಎದ್ದಿತ್ತು. ವಿದೇಶದಲ್ಲಿ ವೈದ್ಯಕೀಯ ಓದಿದವರೂ ಮರಳಿ ಬಂದು ಇಲ್ಲಿಯ ಅರ್ಹತಾ ಪರೀಕ್ಷೆ ಪಾಸಾಗಲೇಬೇಕು. ಹೊರಗಿನ ಅರ್ಹತೆಯನ್ನು ಊರಿಗೆ ತರುವ ಬೆಲೆಯ ಪ್ರಶ್ನೆ ಪೈಲಟ್‌ಗಳದ್ದಷ್ಟೇ ಅಲ್ಲ.

ಪರೀಕ್ಷೆಯ ಬಿಗಿ ಸಡಿಲವಾಗಬಾರದು, ಆದರೆ ಕಾಯುವ ಕಾಲ ಕಡಿಮೆಯಾಗಬೇಕು. ಇದು ಸರಕಾರದ ಮುಂದಿಡಬೇಕಾದ ಬೇಡಿಕೆ. 2025ರ ಫೆಬ್ರುವರಿಯಲ್ಲಿ ವಿದ್ಯುನ್ಮಾನ ಪೈಲಟ್ ಲೈಸೆನ್ಸನ್ನು ಜಾರಿಗೆ ತಂದ ದೇಶಕ್ಕೆ, ಸಾಮಾನ್ಯವಾಗಿ ವಿದ್ಯಾರ್ಥಿಗಳು ಹೋಗುವ ನಾಲ್ಕಾರು ದೇಶಗಳ ಪ್ರಾಧಿಕಾರಗಳೊಂದಿಗೆ ದಾಖಲೆಗಳನ್ನು ನೇರವಾಗಿ ತಾಳೆ ನೋಡುವ ವ್ಯವಸ್ಥೆ ಅಸಾಧ್ಯವೇನಲ್ಲ. ಅರ್ಜಿಯ ಪ್ರತಿ ಹಂತಕ್ಕೂ ಗಡುವು ಗೊತ್ತುಮಾಡಿ, ಕಡತ ಯಾವ ಮೇಜಿನ ಮೇಲಿದೆ ಎಂಬುದು ಅರ್ಜಿದಾರರಿಗೆ ಕಾಣುವಂತಾಗಬೇಕು.

ಬ್ಯಾಂಕುಗಳು ಮಾಡಬಹುದಾದದ್ದೂ ಇದೆ. ಸಾಲದ ಕೊನೆಯ ಕಂತನ್ನು ಪರಿವರ್ತನೆಗೆಂದೇ ಮೀಸಲಿಟ್ಟು, ವಿನಾಯಿತಿ ಅವಧಿಯನ್ನು ಭಾರತದ ಲೈಸೆನ್ಸು ದೊರೆಯುವ ದಿನದಿಂದ ಎಣಿಸಿದರೆ ಸಾಲ ಮರುಪಾವತಿಯೂ ಸುರಕ್ಷಿತವಾಗುತ್ತದೆ. ಶಾಲೆಗೆ ಪೂರ್ತಿ ಹಣ ಮುಂಗಡ ಕೊಟ್ಟು, ಪರಿವರ್ತನೆಯ ಹೊತ್ತಿಗೆ ಖಾತೆ ಬರಿದಾಗುವ ಈಗಿನ ಕ್ರಮದಿಂದ ಯಾರಿಗೂ ಹಿತವಿಲ್ಲ.

ಮನೆತನಗಳು ಮಾತ್ರ ಸರಕಾರ, ಬ್ಯಾಂಕುಗಳಿಗಾಗಿ ಕಾಯಬೇಕಿಲ್ಲ. ಒಂದು ರೂಪಾಯಿ ಶುಲ್ಕ ಕಟ್ಟುವ ಮೊದಲೇ ಮೊದಲ ದರ್ಜೆಯ ವೈದ್ಯಕೀಯ ಪರೀಕ್ಷೆ ಮಾಡಿಸಬೇಕು. ಬೆಂಗಳೂರಿನ ವೈಮಾನಿಕ ವೈದ್ಯಕೀಯ ಸಂಸ್ಥೆಯಲ್ಲಿ ಈ ಸೌಲಭ್ಯ ಇದೆ. ಬಣ್ಣ ಗುರುತಿಸುವಲ್ಲಿ ದೋಷವಿದೆ ಎಂಬುದು ಅರವತ್ತು ಲಕ್ಷ ಖರ್ಚಾದ ಮೇಲೆ ತಿಳಿಯಬಾರದು. ಸಾಧ್ಯವಾದಷ್ಟು ಭಾರತದ ಬರಹದ ಪರೀಕ್ಷೆಗಳನ್ನು ಹೊರಡುವ ಮೊದಲೇ ಮುಗಿಸಬೇಕು. ಹಾಗೆ ಮುಗಿಸಿದವರು ಮರಳಿದ ಮೇಲೆ ಆರು ತಿಂಗಳ ಗಡುವಿನೊಂದಿಗೆ ಹೋರಾಡಬೇಕಿಲ್ಲ. ಶಾಲೆಯ ಒಪ್ಪಂದದಲ್ಲಿ ಭಾರತದ ಷರತ್ತುಗಳಂತೆ ಗಂಟೆಗಳ ದೃಢೀಕರಣ ಸೇರಬೇಕು. ಮಧ್ಯವರ್ತಿಯ ಮಾತನ್ನಲ್ಲ, ಡಿಜಿಸಿಎ ಪ್ರಕಟಿಸಿದ ಇತ್ತೀಚಿನ ನಿಯಮವನ್ನೇ ಓದಬೇಕು, ಏಕೆಂದರೆ ನಿಯಮಗಳು ತಿದ್ದುಪಡಿಯಾಗುತ್ತಲೇ ಇರುತ್ತವೆ. ಪರಿವರ್ತನೆಗೂ ಒಂದು ವರ್ಷದ ಬಡ್ಡಿಗೂ ಬೇಕಾದ ಹಣವನ್ನು ಪ್ರತ್ಯೇಕ ಠೇವಣಿಯಲ್ಲಿಟ್ಟು ಅದನ್ನು ಮುಟ್ಟಬಾರದು. ಅಷ್ಟು ಠೇವಣಿ ಇಡಲು ಶಕ್ತಿ ಇಲ್ಲವೆಂದು ಕಂಡುಬಂದರೆ, ಆ ತರಬೇತಿಯ ಬೆಲೆ ಮನೆತನದ ಶಕ್ತಿಗೆ ಮೀರಿದ್ದೆಂದೇ ತಿಳಿಯಬೇಕು.

ಹಾನಗಲ್ಲ, ಶಿಗ್ಗಾಂವಿ, ಸವಣೂರು, ಹಿರೇಕೆರೂರುಗಳ ವರ್ತಕ ಸಂಘಗಳು ವರ್ಷಕ್ಕೊಮ್ಮೆ, ಪಿಯುಸಿ ಫಲಿತಾಂಶ ಬರುವ ಮೊದಲು, ಬ್ಯಾಂಕ್ ಅಧಿಕಾರಿಗಳನ್ನೂ ಲೆಕ್ಕ ಪರಿಶೋಧಕರನ್ನೂ ಕರೆಸಿ ಪಾಲಕರೊಂದಿಗೆ ಕೂಡಿಸಿದರೆ ಬಹಳಷ್ಟು ಸಾಧಿಸಬಹುದು. ಆ ಸಭೆಗೆ ಭಾಷಣ ಬೇಡ. ಒಂದು ಹಾಳೆಯ ಎಡಕ್ಕೆ ಭಾರತದ ತರಬೇತಿ, ಬಲಕ್ಕೆ ವಿದೇಶದ ತರಬೇತಿ, ಕೆಳಗೆ ಶುಲ್ಕ, ವಸತಿ, ಪರಿವರ್ತನೆ, ಮರುಹಾರಾಟ, ಕಾಯುವ ತಿಂಗಳುಗಳ ಬಡ್ಡಿ ಎಂದು ಸಾಲುಗಳನ್ನು ಎಳೆದುಕೊಟ್ಟು, ಅಂಕಿಗಳನ್ನು ಅವರೇ ತುಂಬುವಂತೆ ಮಾಡಿದರೆ ಸಾಕು. ಮಾಲು ಊರಿಗೆ ಮುಟ್ಟುವ ಬೆಲೆಯನ್ನು ದಿನವೂ ಕಟ್ಟುವ ಕೈಗಳಿಗೆ ಉಳಿದ ಕೆಲಸ ಕಷ್ಟವಾಗಲಾರದು.